ಅಡ್ಡ ಪರದೆ, ಉದ್ದ ಆಟ

ಸಾನ್ ಹೋಸೆಯ ಮಗಳ ಮನೆಗೆ ಹೋದವಳಿಗೆ ಅವಳು ಮೊದಲು ತೋರಿಸಿದ್ದು ದೇವರ ಗೂಡನ್ನಲ್ಲ, ಗ್ಯಾರೇಜನ್ನು. ಕಾರು ನಿಲ್ಲಬೇಕಾದ ಜಾಗದಲ್ಲಿ ಬೀರುವಿನಷ್ಟು ಎತ್ತರದ ಮರದ ಪೆಟ್ಟಿಗೆ, ಅದರೊಳಗೆ 19 ಇಂಚಿನ ಹಳೆಯ ಪಿಕ್ಚರ್ ಟ್ಯೂಬು. "ಅಮ್ಮಾ, ಇದು ನಿಜವಾದ ಆರ್ಕೇಡ್ ಮಾನಿಟರ್. ಚಿತ್ರ ಹೇಗೆ ಬಂದಿದೆ ಹೇಳು" ಎಂದಳು. ಚಕ್ಕುಲಿ ಡಬ್ಬ ಕೈಯಲ್ಲಿದ್ದ ಹಾಗೇ ನಾನು ವಿಮರ್ಶಕಿಯಾದೆ.

ಒಂದು ಹಳೆಯ ಬಾಕಿಯನ್ನು ಮೊದಲೇ ಹೇಳಿಬಿಡುತ್ತೇನೆ. ಅವಳಿಗೆ ಹನ್ನೊಂದು ವರ್ಷವಿದ್ದಾಗ ನಮ್ಮೂರ ಬಸ್ ಸ್ಟ್ಯಾಂಡಿನ ಹಿಂದೆ ವಿಡಿಯೋ ಗೇಮ್ ಅಂಗಡಿಯೊಂದಿತ್ತು. ಮಗ ಹೋಗುತ್ತಿದ್ದ. ಅವಳನ್ನು ನಾನು ಕಳಿಸಲಿಲ್ಲ. "ಅಲ್ಲೆಲ್ಲ ಗಂಡುಹುಡುಗರೇ ಕಣೇ" ಎಂದಿದ್ದೆ. ಅವಳು ಆಗ ಅಳಲೂ ಇಲ್ಲ, ಕೇಳಲೂ ಇಲ್ಲ.

ಪರದೆಯ ಮೇಲಿದ್ದದ್ದು ಪ್ಯಾಕ್-ಮ್ಯಾನ್. ಜಪಾನಿನ ನಾಮ್ಕೋ ಕಂಪನಿ 1980ರಲ್ಲಿ ಹೊರತಂದ ಆಟ. ಹಳೆಯ ಯಂತ್ರದ ಚಿಪ್ಪುಗಳ ಹಾಗೆಯೇ ನಡೆದುಕೊಳ್ಳುವ, 1997ರಲ್ಲಿ ಮೊದಲು ಬಂದ ಮೇಮ್ ಎಂಬ ತಂತ್ರಾಂಶ ಅದನ್ನು ಆಡಿಸುತ್ತಿತ್ತು. ಹಳದಿ ಬಾಯಿಯೊಂದು ಓಣಿ ಓಣಿ ತಿರುಗಿ 240 ಸಣ್ಣ ಚುಕ್ಕಿ, 4 ದೊಡ್ಡ ಚುಕ್ಕಿ ತಿನ್ನಬೇಕು. ನೋಡಿದೆ. ಏನೋ ಸರಿಯಿಲ್ಲ. ಕೆಲವು ಸಾಲಿನ ಚುಕ್ಕಿಗಳು ದುಂಡಗೆ, ಕೆಲವು ಸಾಲಿನವು ಚಪ್ಪಟೆ. ರಂಗೋಲಿ ಹಾಕುವವಳ ಕಣ್ಣಿಗೆ ಇದು ತಪ್ಪಿಸಿಕೊಳ್ಳುತ್ತದೆಯೆ? "ನಿನ್ನ ಚುಕ್ಕಿ ಸಮ ಇಲ್ಲ" ಎಂದೆ.

ಅವಳ ಮುಖ ಸಣ್ಣಗಾಯಿತು. ಆಮೇಲೆ ಕೂರಿಸಿಕೊಂಡು ಲೆಕ್ಕ ಬಿಡಿಸಿದಳು. ಈ ಮಾನಿಟರ್ ಸೆಕೆಂಡಿಗೆ ಸುಮಾರು 15,700 ಅಡ್ಡಗೆರೆ ಎಳೆಯುತ್ತದೆ. ಚಿತ್ರ ಸೆಕೆಂಡಿಗೆ 60 ಸಲ ಮೂಡಬೇಕಾದರೆ ಒಂದು ಚಿತ್ರದ ಪಾಲಿಗೆ ಸುಮಾರು 260 ಗೆರೆ. ಕಿರಣ ಕೆಳಗಿನಿಂದ ಮೇಲಕ್ಕೆ ಮರಳುವಾಗ ಹೋಗುವ ಗೆರೆಗಳನ್ನು ಕಳೆದರೆ ಕಣ್ಣಿಗೆ ಸಿಕ್ಕುವುದು 240. ಪ್ಯಾಕ್-ಮ್ಯಾನ್ ಚಿತ್ರವೋ 224 ಅಗಲ, 288 ಎತ್ತರ. ಮಿಕ್ಕ 48 ಗೆರೆ ಎಲ್ಲಿ ಇಡುವುದು? ಆರು ಗೆರೆಗೆ ಒಂದನ್ನು ಕಿತ್ತುಹಾಕಿದ್ದಳು. ಸಣ್ಣ ಚುಕ್ಕಿಯ ಎತ್ತರವೇ ಎರಡು ಗೆರೆ. ಅದರಲ್ಲಿ ಒಂದು ಹೋದರೆ ಉಳಿಯುವುದು ಅರ್ಧ ಚುಕ್ಕಿ. ಕಸೂತಿಯವರು ಇದನ್ನು ಒಂದೇ ಮಾತಿಗೆ ಒಪ್ಪುತ್ತಾರೆ. ಎಳೆ ಎಣಿಸಿ ಹಾಕುವ ಗೋಪುರದಲ್ಲಿ ಆರಕ್ಕೊಂದು ಎಳೆ ಬಿಟ್ಟರೆ ಅದು ಗೋಪುರವಾಗಿ ಉಳಿಯುವುದಿಲ್ಲ.

ಉಳಿದ ದಾರಿಗಳನ್ನೂ ತೋರಿಸಿದಳು. ಗೆರೆಗಳನ್ನು ಕಲಸಿ ನುಣ್ಣಗೆ ಮಾಡಿದಾಗ ಚುಕ್ಕಿಗಳೇನೋ ಸಮವಾದವು, ಆದರೆ ಕನ್ನಡಕ ಮರೆತು ಕೂತಂತಾಯಿತು. ಸರದಿಯ ಮೇಲೆ ಒಂದು ಬಿಟ್ಟು ಒಂದು ಗೆರೆ ಎಳೆದು 480 ಮಾಡಿದಾಗ ಎಲ್ಲ ಗೆರೆಗಳೂ ಬಂದವು, ಆದರೆ ಗೋಡೆಗಳೆಲ್ಲ ಚಳಿ ಹಿಡಿದಂತೆ ನಡುಗಿದವು. ಸೆಕೆಂಡಿಗೆ 60ರ ಬದಲು 50 ಚಿತ್ರ ಮಾಡಿದರೆ 288 ಗೆರೆಯೂ ನೆಟ್ಟಗೆ ಕೂರುತ್ತದೆ. ಆಟ ಮಾತ್ರ ಆರನೇ ಒಂದು ಪಾಲು ನಿಧಾನ. ದೆವ್ವಗಳು ಊಟವಾದ ಮೇಲೆ ಅಡ್ಡಾಡಲು ಹೊರಟವರ ಹಾಗೆ ಬಂದವು. ಸಂಖ್ಯೆ ದೊಡ್ಡದಾದಷ್ಟೂ ಚಿತ್ರ ಚೆಂದ ಎಂದು ಮಾರುವವರು ನಮಗೆ ಹೇಳಿಕೊಟ್ಟಿದ್ದಾರಲ್ಲ, ಈ ಟ್ಯೂಬಿನ ಮುಂದೆ ಅದು ನಡೆಯುವುದಿಲ್ಲ.

"ಹಾಗಾದರೆ ಹಳೆಯ ಯಂತ್ರದಲ್ಲಿ ಹೇಗೆ ಹಿಡಿಸಿದ್ದರು?" ಎಂದೆ. "ಟ್ಯೂಬನ್ನೇ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದ್ದರು. ಆಗ ಬೇಕಾಗುವುದು 224 ಗೆರೆ ಮಾತ್ರ." ಉತ್ತರ ಗೊತ್ತಿದ್ದೂ ಯಾಕೆ ಹೀಗೆ? ಸ್ವಲ್ಪ ತಡೆದು ಹೇಳಿದಳು: "ಅಣ್ಣ ಬರ್ತಾನೆ ಮುಂದಿನ ತಿಂಗಳು. ಅವನಿಗೆ ಸ್ಟ್ರೀಟ್ ಫೈಟರ್ ಬೇಕು."

ಕ್ಯಾಪ್ಕಾಮ್‌ನವರ 1991ರ ಸ್ಟ್ರೀಟ್ ಫೈಟರ್ 2 ಅಡ್ಡ ಪರದೆಯ ಆಟ. 384 ಚುಕ್ಕಿ ಅಗಲ, 224 ಗೆರೆ. ಇದನ್ನೂ ಈಗಿನ ಕಂಪ್ಯೂಟರಿನಲ್ಲಿ ಚುಕ್ಕಿಗೊಂದು ಚೌಕದಂತೆ ತೋರಿಸಿದರೆ ಜಟ್ಟಿಗಳೆಲ್ಲ ಮದುವೆ ಊಟ ಮುಗಿಸಿ ಬಂದಂತೆ ಕಾಣುತ್ತಾರೆ. 4ಕ್ಕೆ 3ರ ಟ್ಯೂಬಿನಲ್ಲಿ ಕಿರಿದಾಗಿ ನಿಲ್ಲಲೆಂದೇ ಬರೆದ ಚಿತ್ರ ಅದು. ಅವಳ ಮಾನಿಟರಿನಲ್ಲಿ ಅದು ಒಂದು ಕುಂದೂ ಇಲ್ಲದೆ ಕೂತಿತ್ತು. ಅಂದರೆ ಅಣ್ಣನ ಆಟಕ್ಕೆ ಪೂರ್ತಿ ಪರದೆ. ಅವಳ ಆಟಕ್ಕೆ ನಡುವಿನ ಪಟ್ಟಿ, ಅಗಲದ ಅರ್ಧಕ್ಕಿಂತ ತುಸು ಹೆಚ್ಚು, ಅದರಲ್ಲೂ 48 ಗೆರೆ ಕಡಿತ. ತಟ್ಟೆ ಬಡಿಸುವಾಗ ನಮ್ಮ ಮನೆಯಲ್ಲಿ ನಡೆಯುತ್ತಿದ್ದ ಲೆಕ್ಕವೇ ಗ್ಯಾರೇಜಿಗೂ ಬಂದಿತ್ತು. ಬಡಿಸುತ್ತಿದ್ದವಳು ನಾನೇ.

ಆ ರಾತ್ರಿ ಅವಳೇ ಹೇಳಿದ ಸಂಗತಿ ನನ್ನನ್ನು ಚುಚ್ಚಿತು. ಆಟ ರೂಪಿಸಿದ ತೋರು ಇವಾತಾನಿ, ಗುಂಡು ಹಾರಿಸುವ ಆಟಗಳಿಂದ ಗಂಡಸರ ತಾಣವಾಗಿದ್ದ ಅಂಗಡಿಗಳಿಗೆ ಹುಡುಗಿಯರೂ ಬರಲಿ ಎಂದೇ ತಿನ್ನುವುದನ್ನು ಆಟದ ವಸ್ತು ಮಾಡಿದನಂತೆ. ಅವನು ಕರೆದಿದ್ದ. ಬಾಗಿಲಲ್ಲಿ ತಡೆದವಳು ನಾನು.

"ತಿರುಗಿಸು ಅದನ್ನು" ಎಂದೆ. ಆರಿಸಿದ ಮೇಲೂ ಟ್ಯೂಬಿನಲ್ಲಿ ವಿದ್ಯುತ್ತು ಉಳಿದಿರುತ್ತದೆ, ಕೈ ಹಾಕುವುದು ತಿಳಿದವರ ಕೆಲಸ. ಶನಿವಾರ ಗೊತ್ತಿದ್ದ ಇಬ್ಬರನ್ನು ಕರೆಸಿದಳು. ತಿರುಗಿಸಿ ಹಾಕಿದೊಡನೆ ಮೂಲೆಯಲ್ಲಿ ನೇರಳೆ ಕಲೆ. ನಾನು ಕೆಟ್ಟೇಹೋಯಿತೆಂದುಕೊಂಡೆ. ಭೂಮಿಯ ಅಯಸ್ಕಾಂತ ಬಲ ಈಗ ಬೇರೆ ಕಡೆಯಿಂದ ಎಳೆಯುತ್ತದಂತೆ. ಆರಿಸಿ, ತಣ್ಣಗಾಗಲು ಬಿಟ್ಟು ಮತ್ತೆ ಹಾಕಿದಾಗ ಒಳಗಿನ ತಂತಿಸುರುಳಿ ಗುಂಯ್ ಎಂದು ಕಲೆ ತೊಳೆಯಿತು. ಪರದೆ ತುಂಬ ಓಣಿಗಳು. ಚುಕ್ಕಿಗಳು ಒಂದರ ಹಾಗೆ ಒಂದು.

ಮಗ ಫೋನಿನಲ್ಲಿ "ನನ್ನ ಆಟ ಹೇಗಮ್ಮಾ?" ಎಂದ. "ನಿನಗೆ ನಡುವಿನ ಪಟ್ಟಿ ಇದೆಯಪ್ಪ" ಎಂದೆ.

ನನ್ನ ಸರದಿ ಬಂತು. ಗುಲಾಬಿ ದೆವ್ವ ಎರಡನೇ ತಿರುವಿನಲ್ಲೇ ಹಿಡಿಯಿತು. ಮೂರು ಜೀವ ಮುಗಿಯಲು ಮೂರು ನಿಮಿಷವೂ ಹಿಡಿಯಲಿಲ್ಲ. "ಇನ್ನೊಂದು ಕಾಸು ಹಾಕೇ" ಎಂದೆ. ಕಾಸಿಗೆ ಬದಲು ಒಂದು ಗುಂಡಿ ಇದೆ. ನನ್ನ ಬೆರಳು ಹಿಡಿದು ಅದರ ಮೇಲಿಟ್ಟಳು.