ರಾಗ ಆಮೇಲೆ, ಮೊದಲು ಪದ್ಯ

ಗಮಕ ತರಗತಿಗೆ ಮಕ್ಕಳನ್ನು ಸೇರಿಸುವ ಅಪ್ಪ ಅಮ್ಮಂದಿರು ಮೊದಲು ಕೇಳುವುದು, "ಸಂಗೀತ ಬರಲೇಬೇಕಾ?" ಎಂದು. ಅಮೆರಿಕದಲ್ಲಿ ಹುಟ್ಟಿದ ಮಕ್ಕಳು ವಾರಕ್ಕೊಮ್ಮೆ ಕಂಪ್ಯೂಟರ್ ಮುಂದೆ ಕೂತು ಕುಮಾರವ್ಯಾಸನನ್ನು ಕಲಿಯುತ್ತಿರುವುದು ಸಂತೋಷವೇ. ಆದರೆ ಈಚೆಗೆ ನಮ್ಮ ಬಳಗದಲ್ಲಿ ಅವರ ವಾಚನ ಕೇಳಿದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು: ಸಂಗೀತ ಧಾರಾಳವಾಗಿದೆ, ಓದೇ ಸಾಲದು.

ಒಂದು ಉದಾಹರಣೆ ಸಾಕು. ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಭಾಗ. ಮಕ್ಕಳು ಮೊದಲ ಪದ್ಯದಿಂದಲೇ ಶಿವರಂಜನಿ ಹಿಡಿದು ಅಳುದನಿಯಲ್ಲಿ ಹೊರಟರು. ಚಪ್ಪಾಳೆಯೂ ಜೋರಾಗಿಯೇ ಬಿತ್ತು. ಆದರೆ ಕುಮಾರವ್ಯಾಸ ಅಲ್ಲಿ ಅಳುವುದಿಲ್ಲವಲ್ಲ! ಕೃಷ್ಣ ಸರಸವಾಡುತ್ತಾನೆ, ಕರ್ಣನನ್ನು ಹತ್ತಿರಕ್ಕೆಳೆದು ರಥದಲ್ಲಿ ತನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾನೆ. ಸೂತನ ಮಗನೆನಿಸಿಕೊಂಡವನಿಗೆ ಈ ಸಲಿಗೆಯೇ ಗಾಬರಿ. ಗುಟ್ಟು ಹೊರಬೀಳುವುದು ಆಮೇಲೆ. ಅವನ ಗಂಟಲು ಬಿಗಿಯುವುದು, ಕಣ್ಣು ತುಂಬುವುದು ಅದಕ್ಕೂ ಆಮೇಲೆ. ಮೊದಲೇ ಅತ್ತುಬಿಟ್ಟರೆ, ಕರ್ಣನಿಗಿಂತ ಮುಂಚೆ ರಾಗಕ್ಕೆ ಗುಟ್ಟು ಗೊತ್ತಾದ ಹಾಗಾಯಿತು. ಕೃಷ್ಣ ಎಂಥ ಚಾಲಾಕಿ ಎನ್ನುವುದೂ ಕೇಳುಗರಿಗೆ ತಲುಪುವುದಿಲ್ಲ.

ಅದೇ ಪದ್ಯದಲ್ಲಿ 'ಮೈದುನತನ' ಎಂಬ ಮಾತು ಬರುತ್ತದೆ. ಮೊದಲ ಸಾಲು 'ಮೈದುನ' ಎಂಬಲ್ಲಿ ಮುಗಿದು, 'ತನ' ಮುಂದಿನ ಸಾಲಿಗೆ ಹೋಗುತ್ತದೆ. ಸಾಲು ಮುಗಿಯಿತೆಂದು ಅಲ್ಲಿ ಉಸಿರು ತೆಗೆದುಕೊಂಡರೆ ಯಾರೋ ಒಬ್ಬ ಮೈದುನ ರಥ ಹತ್ತಿಬಿಡುತ್ತಾನೆ! ಷಟ್ಪದಿಯಲ್ಲಿ ಸಾಲು ಮುಗಿದಲ್ಲಿ ಮಾತು ಮುಗಿಯಬೇಕೆಂದಿಲ್ಲ. ಇದನ್ನು ರಾಗ ಹೇಳಿಕೊಡುವುದಿಲ್ಲ. ಪೆನ್ಸಿಲ್ ಹಿಡಿದು ಪದ ಬಿಡಿಸಿಕೊಂಡವರಿಗೇ ಗೊತ್ತಾಗುವುದು.

ಇನ್ನು ಲಿಪಿಯ ಸಂಗತಿ. ನಮ್ಮ ಅರ್ಧಕ್ಕರ್ಧ ಮಕ್ಕಳ ಕೈಯಲ್ಲಿರುವುದು ರೋಮನ್ ಅಕ್ಷರದ ಹಾಳೆ. ಅದರಲ್ಲಿ ಹಳ್ಳಿಯೂ ಹಲ್ಲಿಯೂ ಒಂದೇ, ಮರವೂ ಮಾರನೂ ಒಂದೇ. ಮಾತಿನಲ್ಲಾದರೆ ನಕ್ಕು ಸುಮ್ಮನಾಗಬಹುದು. ಆದರೆ ಭಾಮಿನಿ ನಿಂತಿರುವುದೇ ಹ್ರಸ್ವ ದೀರ್ಘಗಳ ಲೆಕ್ಕದ ಮೇಲೆ: ಮೂರು, ನಾಲ್ಕು, ಮೂರು, ನಾಲ್ಕು. ಭೀಮ, ಧರ್ಮಜ, ಕರ್ಣ, ಸಾತ್ಯಕಿ ಎಂದು ಸುಮ್ಮನೆ ಹೆಸರು ಕರೆದುನೋಡಿ, ಹದಿನಾಲ್ಕು ಮಾತ್ರೆಯ ಒಂದು ಸಾಲು ಸಿಕ್ಕಿತು. ಮೂರನೆಯ ಮತ್ತು ಆರನೆಯ ಸಾಲುಗಳು ಇಪ್ಪತ್ಮೂರು. ಪದ್ಯಕ್ಕೆ ಒಟ್ಟು 102. ದೀರ್ಘ ಎಲ್ಲಿದೆ ಎಂದೇ ಕಾಣದ ಹಾಳೆಯಿಂದ ಈ ನಡೆ ಹೇಗೆ ಬಂದೀತು? ಬರುವುದಿಲ್ಲ. ಆಗ ಮಗು ಮಾಡುವುದು ಒಂದೇ, ಗುರುಗಳ ಧ್ವನಿಮುದ್ರಿಕೆಯ ನಕಲು. ಕೆಮ್ಮೂ ಸೇರಿ.

ನಕಲಿಗೆ ಮಕ್ಕಳನ್ನಷ್ಟೇ ದೂರುವಂತಿಲ್ಲ. ಬೆಂಗಳೂರಿನಿಂದ ಇಲ್ಲಿಗೆ ಧ್ವನಿ ಬರುವಷ್ಟರಲ್ಲಿ ಆಗುವ ವಿಳಂಬ ಅರ್ಧ ಸೆಕೆಂಡೂ ಇರಲಾರದು. ಆದರೂ ಇಬ್ಬರು ಒಟ್ಟಿಗೆ ಹಾಡುವುದನ್ನು ಕೆಡಿಸಲು ಅದು ಸಾಕು. (ದಿನವಿಡೀ ಇಂಥ ವಿಳಂಬದ ಜೊತೆ ಗುದ್ದಾಡುವುದೇ ನಮ್ಮ ಕಸುಬು, ಹೊಸ ಕಂಪ್ಯೂಟರ್ ಕೊಂಡರೆ ಅದು ಹೋಗುವುದಿಲ್ಲ ಎಂದು ಪೋಷಕರಿಗೆ ತಿಳಿಸುತ್ತೇವೆ.) ಹಾಗಾಗಿ ಗುರುಗಳು ಹೇಳುವುದು, ಇವರು ತಿರುಗಿ ಹೇಳುವುದು. ಪಾಠವೆಲ್ಲ ಅಷ್ಟೇ ಆಗಿಬಿಟ್ಟಿದೆ. 2022ರಲ್ಲಿ ಪದ್ಮಶ್ರೀ ಪಡೆದ ಎಚ್.ಆರ್. ಕೇಶವಮೂರ್ತಿಯವರ ವಾಚನವನ್ನು ಮಕ್ಕಳು ಕೇಳಲಿ, ಖಂಡಿತ ಕೇಳಲಿ. ಆದರೆ ಪದ್ಯವನ್ನು ತಾವೇ ಒಮ್ಮೆ ಬಿಡಿಸಿಕೊಂಡ ಮೇಲೆ.

ಅಂದಿನ ವಾಚನದಲ್ಲಿ ಒಬ್ಬ ಹುಡುಗಿ ಮಾತ್ರ ಬೇರೆಯಾಗಿ ಕಂಡಳು. ಕಂಠ ಸಾಧಾರಣ, ಮೇಲಿನ ಸ್ಥಾಯಿಗೆ ಹೋದರೆ ನಡುಗುತ್ತಿತ್ತು. ಆದರೆ ಕೃಷ್ಣನ ಮಾತಿಗೆ ಒಂದು ದನಿ, ಕರ್ಣನ ಹಿಂಜರಿಕೆಗೆ ಇನ್ನೊಂದು. ವಿಚಾರಿಸಿದಾಗ ತಿಳಿಯಿತು: ಪ್ರತಿ ಪದ್ಯವನ್ನೂ ಅವಳು ಮೊದಲು ಫೋನಿನಲ್ಲಿ ಮೈಸೂರಿನ ಅಜ್ಜಿಗೆ ಕಥೆಯಾಗಿ ಹೇಳುತ್ತಾಳಂತೆ. ಅಜ್ಜಿ "ಯಾರು ಯಾರಿಗೆ ಹೇಳಿದ್ದು?" ಎಂದು ಅಡ್ಡ ಪ್ರಶ್ನೆ ಹಾಕುತ್ತಾರಂತೆ. ಉತ್ತರ ಬಾರದ ಪದ್ಯವನ್ನು ಆ ವಾರ ಹಾಡುವಂತಿಲ್ಲ. ಇದಕ್ಕಿಂತ ಒಳ್ಳೆಯ ಅಭ್ಯಾಸಕ್ರಮ ನಮಗಂತೂ ಗೊತ್ತಿಲ್ಲ.

ವ್ಯಾಖ್ಯಾನದ ಬಗ್ಗೆ ನಮ್ಮ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ದೊಡ್ಡವರು ಬರೆದುಕೊಟ್ಟ ಗ್ರಾಂಥಿಕ ಭಾಷೆಯನ್ನು ಮಕ್ಕಳು ಗಿಳಿಪಾಠ ಒಪ್ಪಿಸುವುದು ನಿಲ್ಲಬೇಕು. ಹದಿಮೂರರ ಹುಡುಗ ಅರ್ಧ ಇಂಗ್ಲಿಷ್ ಬೆರೆಸಿದರೂ ಸರಿ, "ಕರ್ಣನಿಗೆ ಅಣ್ಣತಮ್ಮಂದಿರು ಸಿಕ್ಕಿದ್ದು ಯುದ್ಧದ ಹಿಂದಿನ ದಿನಗಳಲ್ಲಿ, ಅದಕ್ಕೇ ಅದು ಗಿಫ್ಟ್ ಅಲ್ಲ" ಎಂದ ನೋಡಿ, ನಮಗೆ ವ್ಯಾಖ್ಯಾನ ಎಂದರೆ ಅದು. ಶುದ್ಧ ಕನ್ನಡ ನಿಧಾನಕ್ಕೆ ಬರಲಿ.

ಮುಂದಿನ ಸಲಕ್ಕೂ ಇದೇ ಭಾಗವನ್ನು ಇಡಬೇಕೆಂದು ಗುರುಗಳನ್ನು ಕೇಳಿಕೊಂಡಿದ್ದೇವೆ. ಇಪ್ಪತ್ತರ ಬದಲು ಆರೇ ಪದ್ಯ, ಕನ್ನಡ ಲಿಪಿಯ ಹಾಳೆ, ಮೊದಲ ಎರಡು ವಾರ ರಾಗವಿಲ್ಲದ ಓದು. ಹಾಳೆಗಳನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸುವ ಕೆಲಸ ನಮ್ಮದು.