ಮಕ್ಕಳ ಸಚಿತ್ರ ಗ್ರಂಥಗಳಲ್ಲಿ ಪರದೇಶದ ಮಗು: ಒಂದು ವಿಮರ್ಶೆ

ಪರದೇಶಗಳ ಜನಜೀವನವನ್ನು ಮಕ್ಕಳಿಗೆ ತಿಳಿಸುವಲ್ಲಿ ಪಾಠಪುಸ್ತಕಗಳು ಬಹುಕಾಲ ಹಿಡಿದ ಹಾದಿ ಒಂದೇ: ಎಸ್ಕಿಮೋ ಹಿಮದ ಮನೆಯಲ್ಲಿರುತ್ತಾನೆ, ಅರಬನು ಒಂಟೆ ಹತ್ತುತ್ತಾನೆ ಎಂದು ಇಡಿಯ ಜನಾಂಗವನ್ನೇ ಒಂದು ವಾಕ್ಯದಲ್ಲಿ ಮುಗಿಸಿಬಿಡುವುದು. ಈ ದೋಷಕ್ಕೆ ಮದ್ದಾಗಿ ಬಂದವುಗಳಲ್ಲಿ ಸ್ವೀಡನ್ನಿನ ಛಾಯಾಗ್ರಾಹಕಿ ಅನ್ನಾ ರಿವ್ಕಿನ್-ಬ್ರಿಕ್ (1908-1970) ಅವರ ಪುಸ್ತಕಗಳು ಗಣನೀಯವಾದವು. ಒಂದು ನಾಡಿಗೆ ಒಂದು ಮಗು. ಆ ಮಗುವಿಗೆ ಹೆಸರುಂಟು, ಮನೆಯುಂಟು, ಆಟವುಂಟು. 1951ರಲ್ಲಿ ಹಿಮಸಾರಂಗ ಸಾಕುವ ಸಾಮಿ ಜನರ ಹುಡುಗಿ ಎಲ್ಲೆ ಕಾರಿಯಿಂದ ತೊಡಗಿದ ಈ ಮಾಲೆ ಜಪಾನು, ಕಿಲಿಮಂಜಾರೋ, ಹಾಲೆಂಡುಗಳನ್ನು ಸುತ್ತಿ ಕಾಶ್ಮೀರದ ಸಲೀಮಾಳವರೆಗೂ ಬಂದಿತು.

ಇದರ ಗುಣವನ್ನರಿಯಲು ಆ ಕಾಲದ ಇನ್ನೊಂದು ಪ್ರಯತ್ನವನ್ನು ಪಕ್ಕದಲ್ಲಿಟ್ಟು ನೋಡಬಹುದು. 1955ರಲ್ಲಿ ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಸ್ಟೈಕನ್ ಏರ್ಪಡಿಸಿದ 'ಮಾನವ ಕುಟುಂಬ'ವೆಂಬ ಪ್ರದರ್ಶನದಲ್ಲಿ 68 ದೇಶಗಳ 503 ಚಿತ್ರಗಳಿದ್ದವು. ಹುಟ್ಟು, ದುಡಿಮೆ, ಸಾವು ಎಂದು ಜೋಡಿಸಿ ಮನುಷ್ಯರೆಲ್ಲ ಒಂದೇ ಎಂದು ತೋರಿಸುವುದು ಅದರ ಉದ್ದೇಶ. ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ ಇದನ್ನು ಆಕ್ಷೇಪಿಸಿದರು. ಎಲ್ಲರೂ ಹುಟ್ಟುತ್ತಾರೆಂಬುದು ನಿಜ. ಆದರೆ ಯಾವ ಸ್ಥಿತಿಯಲ್ಲಿ ಹುಟ್ಟುತ್ತಾರೆ, ಯಾರ ಲಾಭಕ್ಕೆ ದುಡಿಯುತ್ತಾರೆ ಎಂಬ ಚರಿತ್ರೆ ಅಲ್ಲಿ ಅಳಿಸಿಹೋಗುತ್ತದೆ ಎಂಬುದು ಅವರ ವಾದದ ಸಾರ. ಶಾಲೆಯ ಮಟ್ಟಿಗೆ ಇನ್ನೂ ಒಂದು ಮಾತನ್ನು ಸೇರಿಸಬಹುದು. ಐನೂರು ಮುಖಗಳಿಂದ ಮೂರನೆಯ ತರಗತಿಯ ಮಗು ಏನನ್ನೂ ಹಿಡಿದುಕೊಳ್ಳಲಾರದು. ಕಿಲಿಮಂಜಾರೋದ ಸಿಯಾಳೊಬ್ಬಳನ್ನು ಮರೆಯಲಾರದು.

ಆದರೆ ಆ ಸಿಯಾಳ ಪುಸ್ತಕದಲ್ಲಿಯೇ (1958) ತೊಡಕೂ ಇದೆ. ಚಿತ್ರಗಳು ರಿವ್ಕಿನ್ ಅವರವು. ಮಾತುಗಳು ಪ್ರಸಿದ್ಧ ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರವು. ಚಗ್ಗಾ ಜನರ ಈ ಹುಡುಗಿ ರಾಜನ ಉತ್ಸವವನ್ನು ನೋಡಬೇಕೆಂದು ಹಂಬಲಿಸುತ್ತಾಳೆ. ಕಥೆ ಸೊಗಸಾಗಿದೆ, ಓದಿಸಿಕೊಂಡು ಹೋಗುತ್ತದೆ. ಮುಖ ಮಾತ್ರ ಹುಡುಗಿಯದು. ಹಂಬಲ ಲೇಖಕಿ ಹೊಲಿದದ್ದು. ಪಕ್ಕದಲ್ಲಿ ಛಾಯಾಚಿತ್ರವಿದೆಯೆಂಬ ಒಂದೇ ಕಾರಣದಿಂದ ಮಗು ಕಥೆಯನ್ನೂ ನಡೆದ ಸಂಗತಿಯೆಂದೇ ನಂಬೀತು. ರಾಜನೆಂದೊಡನೆ ಅಜ್ಜಿಕಥೆಯ ಕಿರೀಟಧಾರಿಯನ್ನು ಕಲ್ಪಿಸಿಕೊಂಡೀತು. ವಾಸ್ತವದಲ್ಲಿ 1952ರಿಂದ 1960ರ ವರೆಗೆ ಚಗ್ಗಾ ಜನರ ಮಹಾಮುಖ್ಯಸ್ಥರಾಗಿದ್ದ ತಾಮಸ್ ಮರಿಯಾಲೆ ಚುನಾವಣೆಯಿಂದ ಬಂದವರು. ನಾಡು ಬ್ರಿಟಿಷರ ಆಡಳಿತದಲ್ಲಿತ್ತು. ಟಾಂಗಾನಿಕಾ ಸ್ವತಂತ್ರವಾದದ್ದು 1961ರಲ್ಲಿ. ಇದೇ ಜನ ಕಾಫಿ ಬೆಳೆದು, 1933ರಷ್ಟು ಹಿಂದೆಯೇ ತಮ್ಮ ಸಹಕಾರಿ ಒಕ್ಕೂಟವನ್ನು ಕಟ್ಟಿಕೊಂಡಿದ್ದರು. ಇಷ್ಟನ್ನು ಅಧ್ಯಾಪಕರೇ ತುಂಬಿಕೊಡಬೇಕು. ಬಾಳೆಯ ನೆರಳಿನಲ್ಲಿ ಕಾಫಿ ಗಿಡಗಳಿರುವ ಅವರ ಹಿತ್ತಲನ್ನು ವಯನಾಡಿನ ಮಗುವಿಗೆ ವರ್ಣಿಸಬೇಕಾಗಿಯೇ ಇಲ್ಲ, ಹೇಳಿದೊಡನೆ ತಿಳಿಯುತ್ತದೆ. ಹಿಮ ಕವಿದ ಶಿಖರವನ್ನು ಬಿಟ್ಟು ಈ ಹಿತ್ತಲಿನಿಂದ ಪಾಠವನ್ನು ಆರಂಭಿಸುವುದು ಲೇಸು.

ಜಪಾನಿನ ಪುಸ್ತಕವೂ (1956) ಲಿಂಡ್‌ಗ್ರೆನ್ ಅವರದೇ. ಅದರ ಸ್ವೀಡಿಷ್ ಹೆಸರಿಗೆ 'ಎವಾ ನೊರಿಕೊ-ಸಾನಳನ್ನು ಭೇಟಿಯಾಗುತ್ತಾಳೆ' ಎಂದರ್ಥ. ಎವಾ ಸ್ವೀಡನ್ನಿನ ಹುಡುಗಿ. ಆತಿಥ್ಯ ನೀಡಿದವಳಿಗಿಂತ ಅತಿಥಿಯ ಹೆಸರೇ ಮುಂದಾಯಿತಷ್ಟೆ! ಈ ದೃಷ್ಟಿಯಿಂದ ಮೊದಲನೆಯದಾದ ಎಲ್ಲೆ ಕಾರಿಯ ಪುಸ್ತಕವೇ ನನಗೆ ಮೇಲೆಂದು ತೋರುತ್ತದೆ. ಅದನ್ನು ಬರೆದ ಎಲ್ಲೀ ಯಾನ್ನೆಸ್ ಪತ್ರಿಕಾ ಲೇಖಕಿ. ಸಾಮಿ ಜನರ ಅಲೆಮಾರಿ ಬದುಕನ್ನು ಕುರಿತು ರಿವ್ಕಿನ್ ಅವರೊಡನೆ 1950ರಲ್ಲಿಯೇ ಒಂದು ಗ್ರಂಥವನ್ನು ತಂದವರು. ಕಂಡು ಬರೆದ ಮಾತಿಗೂ ಚಿತ್ರ ನೋಡಿ ಹೊಂದಿಸಿದ ಮಾತಿಗೂ ಇರುವ ಅಂತರ ಅಲ್ಪವಲ್ಲ.

ದಶಕಗಳ ಬಳಿಕ ಇಸ್ರೇಲಿನ ದ್ವೋರಿತ್ ಶರ್ಗಲ್ ಈ ಮಕ್ಕಳನ್ನು ಹುಡುಕುತ್ತ ಹೊರಟು 2014ರಲ್ಲಿ ಒಂದು ಸಾಕ್ಷ್ಯಚಿತ್ರವನ್ನು ಮಾಡಿದರು. ಎಲ್ಲೆ ಕಾರಿ ಈಗೆಲ್ಲಿ, ನೊರಿಕೊ ಏನಾದಳು ಎಂದು ಕೇಳುವಂತಾದದ್ದು ಅವರಿಗೆ ಹೆಸರಿದ್ದುದರಿಂದಲೇ ಅಲ್ಲವೇ? ನಮ್ಮ ನೀಲಗಿರಿಯವರ ಭಾಗ್ಯ ಹಾಗಿರಲಿಲ್ಲ. 1873ರಲ್ಲಿ ಪ್ರಕಟವಾದ ಬ್ರೀಕ್ಸ್ ಎಂಬ ಆಂಗ್ಲ ಅಧಿಕಾರಿಯ ಗ್ರಂಥದಲ್ಲಿ ತೋಡ, ಕೋಟ, ಕುರುಂಬ, ಇರುಳರ ಛಾಯಾಚಿತ್ರಗಳಿವೆ. ಕುಲವನ್ನು ತೋರಿಸಲೆಂದು ಮನುಷ್ಯರನ್ನು ನಿಲ್ಲಿಸಿ ತೆಗೆದ ಚಿತ್ರಗಳವು. ಆ ಮುಖಗಳ ಮರಿಮಕ್ಕಳು ಇಂದು ನಮ್ಮ ಬೆಂಚುಗಳ ಮೇಲೆ ಕುಳಿತಿರಬಹುದು. ಆ ಭಾಗದ ಅಧ್ಯಾಪಕ ಬಂಧುಗಳು ಎಲ್ಲೆ ಕಾರಿಯ ಚಿತ್ರವನ್ನೂ ಬ್ರೀಕ್ಸರ ಒಂದು ಚಿತ್ರವನ್ನೂ ಒಂದೇ ಮೇಜಿನ ಮೇಲಿರಿಸಿ, ಇವರ ಹೆಸರೇನು, ಚಿತ್ರ ತೆಗೆದವರು ಯಾರು, ಕೆಳಗಿನ ಮಾತನ್ನು ಬರೆದವರು ಯಾರು ಎಂಬ ಪ್ರಶ್ನೆಗಳನ್ನು ಮಕ್ಕಳಿಗೇ ಬಿಟ್ಟು ನೋಡಬಹುದು.