ಭಯದ ಚಿತ್ರ, ಬಡವನ ಬೀಡಿ

ಚಲನಚಿತ್ರ ಆರಂಭವಾಗುವ ಮುನ್ನ ಹಾಗೂ ವಿರಾಮದ ಬಳಿಕ ತೆರೆಯ ಮೇಲೆ ಬರುವ ತಂಬಾಕು ವಿರೋಧಿ ಕಿರುಚಿತ್ರಗಳನ್ನು ಕಾಣದ ಪ್ರೇಕ್ಷಕರು ವಿರಳ. 2012ರಿಂದ ಇವುಗಳ ಪ್ರದರ್ಶನ ಕಡ್ಡಾಯವಾಗಿ ಜಾರಿಯಲ್ಲಿದೆ. ಕೋಟ್ಯಂತರ ಜನರ ಕಣ್ಣಿಗೆ ಬಿದ್ದ ಈ ಅರ್ಧ ನಿಮಿಷದ ಕೃತಿಗಳು ವಿಮರ್ಶೆಗೆ ಒಳಗಾಗುವುದು ಮಾತ್ರ ಅಪರೂಪ. ಇವು ಯಾರನ್ನು ಕುರಿತು ಮಾತನಾಡುತ್ತವೆ, ಏನನ್ನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದನ್ನು ಪರಿಶೀಲಿಸಿದರೆ ಬಡವರ ನಡುವೆ ನಡೆಯುತ್ತಿರುವ ತಂಬಾಕು ನಿವಾರಣಾ ಪ್ರಯತ್ನಗಳ ಶಕ್ತಿಯೂ ಮಿತಿಯೂ ಒಟ್ಟಿಗೇ ಗೋಚರಿಸುತ್ತವೆ.

ಈ ಚಿತ್ರಗಳಲ್ಲಿ ಮೂರು ಹೆಚ್ಚು ಪರಿಚಿತವಾದವು. ಮೊದಲನೆಯದರಲ್ಲಿ ಶ್ವಾಸಕೋಶವನ್ನು ಸ್ಪಂಜಿಗೆ ಹೋಲಿಸಿ, ಅದು ಹೀರಿದ ಕಪ್ಪು ಟಾರನ್ನು ಹಿಂಡಿ ಪಾತ್ರೆಗೆ ಸುರಿದು ತೋರಿಸಲಾಗುತ್ತದೆ. 2009ರ ‘ಮುಕೇಶ್’ ಚಿತ್ರದಲ್ಲಿ, ಗುಟ್ಕಾ ಜಗಿದು ಬಾಯಿಯ ಕ್ಯಾನ್ಸರಿಗೆ ತುತ್ತಾದ 24ರ ಹರೆಯದ ಯುವಕನು ಆಸ್ಪತ್ರೆಯ ಹಾಸಿಗೆಯಿಂದ ಮಾತನಾಡುತ್ತಾನೆ. ಅವನು ಬದುಕುಳಿಯಲಿಲ್ಲವೆಂದು ಚಿತ್ರವೇ ತಿಳಿಸುತ್ತದೆ. 2014ರ ‘ಸುನೀತಾ’ ಚಿತ್ರದಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬಳು ಶಸ್ತ್ರಚಿಕಿತ್ಸೆಯಿಂದ ವಿರೂಪಗೊಂಡ ಮುಖವನ್ನು ಮರೆಮಾಚದೆ ತನ್ನ ಕಥೆಯನ್ನು ಹೇಳುತ್ತಾಳೆ. ಮರುವರ್ಷವೇ ಆಕೆಯೂ ತೀರಿಕೊಂಡಳು.

ಈ ಕೃತಿಗಳ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಅಕ್ಷರ ಬಾರದವನಿಗೂ ಇವು ಅರ್ಥವಾಗುತ್ತವೆ. ನಟರ ಕೃತಕ ಶೋಕವಿಲ್ಲದೆ ನೊಂದವರೇ ನುಡಿಯುವುದರಿಂದ ಮಾತಿಗೆ ತೂಕವಿದೆ. 2009ರಲ್ಲಿ ಆರಂಭವಾಗಿ 2016ರಲ್ಲಿ ಪೊಟ್ಟಣದ ಶೇ. 85 ಭಾಗಕ್ಕೆ ವಿಸ್ತರಿಸಿದ ಚಿತ್ರಸಹಿತ ಎಚ್ಚರಿಕೆಯೂ ಇದೇ ಬಗೆಯದು. ದೇಶದ ವಯಸ್ಕರಲ್ಲಿ ತಂಬಾಕು ಬಳಸುವವರ ಪ್ರಮಾಣ 2009-10ರಲ್ಲಿ ಶೇ. 34.6 ಇದ್ದದ್ದು 2016-17ರ ಸಮೀಕ್ಷೆಯ ವೇಳೆಗೆ ಶೇ. 28.6ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಅದು ಶೇ. 28.2ರಿಂದ 22.8ಕ್ಕೆ ಬಂದಿತು. ಈ ಇಳಿಕೆಗೆ ಕಾರಣಗಳು ಹಲವಿದ್ದರೂ ಈ ಪ್ರಯತ್ನಗಳ ಪಾಲನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಆದರೆ ಅದೇ ಸಮೀಕ್ಷೆಯ ಇನ್ನೊಂದು ಅಂಶ ವಿಚಾರಾರ್ಹವಾಗಿದೆ. ಪೊಟ್ಟಣದ ಮೇಲಿನ ಎಚ್ಚರಿಕೆಯನ್ನು ಕಂಡು ಚಟ ಬಿಡುವ ಯೋಚನೆ ಮಾಡಿದವರು ಸಿಗರೇಟು ಸೇದುವವರಲ್ಲಿ ಶೇ. 61.9, ಬೀಡಿ ಸೇದುವವರಲ್ಲಿ ಶೇ. 53.8, ಹೊಗೆರಹಿತ ತಂಬಾಕು ಬಳಸುವವರಲ್ಲಿ ಶೇ. 46.2. ಬೀಡಿಯೂ ಹೊಗೆಸೊಪ್ಪೂ ಹೆಚ್ಚಾಗಿ ಯಾರ ಕೈಯಲ್ಲಿವೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮೂಟೆ ಹೊರುವವನು, ಗಾರೆ ಕೆಲಸದವನು, ಕಬ್ಬು ಕಡಿಯುವವನು, ಕಳೆ ಕೀಳುವ ಹೆಂಗಸು—ಇವರನ್ನು ತಲಪುವ ವೇಳೆಗೆ ಸಂದೇಶ ಬಲಗುಂದುತ್ತದೆ.

ಮೊದಲ ಕಾರಣ ಸರಳವಾದದ್ದು. ಗೂಡಂಗಡಿಯಲ್ಲಿ ಒಂದೋ ಎರಡೋ ಬೀಡಿಯನ್ನು ಬಿಡಿಯಾಗಿ ಕೊಳ್ಳುವವನ ಕೈಗೆ ಕಟ್ಟಿನ ಮೇಲಿನ ಚಿತ್ರ ಬರುವುದೇ ಇಲ್ಲ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಕಾಯಿದೆ ಬಿಡಿ ಮಾರಾಟವನ್ನು ನಿಷೇಧಿಸಿ, ಕೊಳ್ಳುವವರ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿದ್ದು ಸರಿಯಾದ ಹೆಜ್ಜೆ. ಆದರೆ ಸಾರ್ವಜನಿಕ ಸ್ಥಳದಲ್ಲಿ ಸೇದಿದವನ ದಂಡ 200 ರೂಪಾಯಿಯಿಂದ 1000 ರೂಪಾಯಿಗೆ ಏರಿದಾಗ, ಕಾರಿನಲ್ಲಿ ಬಂದವನಿಗೂ ದಿನಗೂಲಿಯವನಿಗೂ ಅದು ಒಂದೇ ಶಿಕ್ಷೆಯಾಗಿ ಉಳಿಯುವುದಿಲ್ಲ. ಒಬ್ಬನಿಗೆ ಅದು ಕಿರಿಕಿರಿ. ಮತ್ತೊಬ್ಬನ ಮನೆಯಲ್ಲಿ ಒಲೆ ಹೊತ್ತದ ದಿನ.

ಎರಡನೆಯ ಕಾರಣ ಇನ್ನೂ ಆಳವಾದದ್ದು. ಚಿತ್ರಗಳು ಚಟವನ್ನು ಕೇವಲ ಅಜ್ಞಾನವೆಂದು ಭಾವಿಸುತ್ತವೆ. ಅಪಾಯ ತಿಳಿದರೆ ಮನುಷ್ಯ ಬಿಡುತ್ತಾನೆಂಬ ನಂಬಿಕೆ ಅವುಗಳ ಬೆನ್ನಿಗಿದೆ. ಶ್ರಮಿಕನ ಬದುಕಿನಲ್ಲಿ ಬೀಡಿಗೆ ಬೇರೆಯೇ ಸ್ಥಾನವಿದೆ. ಹೊತ್ತಿಗೆ ಸರಿಯಾಗಿ ಊಟ ಸಿಗದಾಗ ಅದು ಹಸಿವನ್ನು ಮಂದಗೊಳಿಸುತ್ತದೆ. ಕೆಲಸದ ನಡುವೆ ಕುಳಿತುಕೊಳ್ಳಲು ದೊರೆಯುವ ಏಕೈಕ ನೆವ ಅದೇ ಆಗಿರುತ್ತದೆ. ಕಡ್ಡಿಪುಡಿಯನ್ನು ಒಸಡಿಗೆ ಒತ್ತಿಕೊಂಡು ಹಲ್ಲುನೋವನ್ನು ಮರೆಯುವವರಿದ್ದಾರೆ. ಸೇದಿದ ಹೊಗೆಯ ನಿಕೋಟಿನ್ ಕೆಲವೇ ಕ್ಷಣಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಬಿಟ್ಟಾಗ ಮೊದಲ ಕೆಲವು ದಿನಗಳ ಸಿಡಿಮಿಡಿ, ನಿದ್ರಾಹೀನತೆ, ಚಡಪಡಿಕೆಗಳನ್ನು ಸಹಿಸಲು ಬೇಕಾದ ಬಿಡುವೂ ನೆಮ್ಮದಿಯೂ ಬಡವನ ಮನೆಯಲ್ಲಿ ದುರ್ಲಭ. ಆದ್ದರಿಂದ ಚಿತ್ರವನ್ನು ನೋಡಿ ಹೆದರಿದವನು ಹೆದರಿಕೆಯನ್ನು ಅಡಗಿಸಲು ಮತ್ತೊಂದು ಬೀಡಿಯನ್ನೇ ಹಚ್ಚುವುದುಂಟು.

ಮೂರನೆಯದಾಗಿ, ಮಾತಿಗೂ ನೀತಿಗೂ ಹೊಂದಿಕೆಯಿಲ್ಲ. ತಂಬಾಕಿನ ಬಳಕೆಯನ್ನು ತಗ್ಗಿಸಲು ಬೆಲೆಯೇರಿಕೆ ಬಲವಾದ ಸಾಧನವೆಂಬುದು ಲೋಕವಿದಿತ. ಆದರೆ 2025ರ ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ. ಮಂಡಳಿಯು ಸಿಗರೇಟು, ಗುಟ್ಕಾಗಳನ್ನು ಶೇ. 40ರ ವರ್ಗಕ್ಕೆ ಸೇರಿಸಿ, ಬೀಡಿಯ ಮೇಲಿನ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಇಂತಹ ರಿಯಾಯಿತಿಗಳಿಗೆ ಬಹುಕಾಲದಿಂದ ಕೊಡುತ್ತ ಬಂದ ಸಮರ್ಥನೆ ಬೀಡಿ ಕಟ್ಟುವವರ ಹೊಟ್ಟೆಪಾಡು. ಆ ಹೊಟ್ಟೆಪಾಡಿನ ಚಿಂತೆ ನಿಜವಾದದ್ದೇ. ಕರಾವಳಿಯ ಸಾವಿರಾರು ಮನೆಗಳಲ್ಲಿ ಹೆಂಗಸರು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತಿಯೇ ಮಕ್ಕಳನ್ನು ಓದಿಸಿದ್ದಾರೆ. ಆದರೆ ಅವರ ಕ್ಷೇಮಕ್ಕೆಂದು 1976ರ ಕಾಯಿದೆಯಂತೆ ವಸೂಲಾಗುತ್ತಿದ್ದ ಸೆಸ್ 2017ರಲ್ಲಿ ರದ್ದಾಯಿತು. ಹೊಗೆಸೊಪ್ಪಿನ ಧೂಳಿನಲ್ಲಿ ಕುಳಿತ ಆ ಹೆಂಗಸಿಗೆ ಹೇಳಲು ಈ ಮೂರು ಚಿತ್ರಗಳಲ್ಲಿ ಒಂದರಲ್ಲಿಯೂ ಮಾತಿಲ್ಲ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದಾಗಲೂ ಇಂತಹದೇ ಅಸಂಗತಿ ಕಂಡಿತು: ಪಾನ್ ಮಸಾಲೆಯ ಪೊಟ್ಟಣವನ್ನೂ ತಂಬಾಕಿನ ಪೊಟ್ಟಣವನ್ನೂ ಬೇರೆಬೇರೆಯಾಗಿ ಮಾರಿದರು, ಕೊಂಡವನು ಅವೆರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡ.

ಈ ಪ್ರಯತ್ನಗಳನ್ನು ಅಳೆಯಲು ಶ್ರಾವಕಧರ್ಮದಲ್ಲಿಯೇ ಒಂದು ಮಾನದಂಡವಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರೂಪಿತವಾದ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು: ಜಾರುತ್ತಿರುವವನನ್ನು ಮತ್ತೆ ನೆಲೆಗೆ ನಿಲ್ಲಿಸುವುದು. ಇದಕ್ಕೆ ದೃಷ್ಟಾಂತವಾಗಿ ನಿಂತ ವಾರಿಷೇಣನು, ಮುನಿದೀಕ್ಷೆ ಪಡೆದೂ ಮನಸ್ಸು ಮನೆಯತ್ತಲೇ ಹರಿಯುತ್ತಿದ್ದ ತನ್ನ ಜೊತೆಗಾರನನ್ನು ಜರೆಯಲಿಲ್ಲ, ಹೊರಹಾಕಲೂ ಇಲ್ಲ; ಅವನ ಜೊತೆಯಲ್ಲಿಯೇ ನಡೆದು, ಅವನ ಕಣ್ಣನ್ನು ತೆರೆಸಿ, ನೆಲೆಗೊಳಿಸಿದನು. ಅನ್ಯರ ದೋಷವನ್ನು ಬಯಲಿಗೆಳೆಯದ ಉಪಗೂಹನವೂ ಇದರ ಪಕ್ಕದಲ್ಲಿಯೇ ಇದೆ. ಚಟಕ್ಕೆ ಸಿಕ್ಕಿದವನು ಅಪರಾಧಿಯಲ್ಲ, ಜಾರಿದವನು. ಅವನನ್ನು ಹೆದರಿಸಿ ಅಲ್ಲಿಯೇ ಬಿಟ್ಟುಹೋಗುವುದು ಅರ್ಧ ಕೆಲಸ.

ಬಿಡಿಸುವ ಸಾಧನಗಳು ಇಲ್ಲವೆಂದಲ್ಲ. 1800-11-2356 ಎಂಬ ಉಚಿತ ದೂರವಾಣಿ ಸಹಾಯವಾಣಿ 2016ರಲ್ಲಿ ಆರಂಭವಾಗಿ, 2018ರಿಂದ ಪೊಟ್ಟಣಗಳ ಮೇಲೂ ಮುದ್ರಿತವಾಗುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಂಬಾಕು ಬಿಡಿಸುವ ಚಿಕಿತ್ಸೆ ದೊರೆಯುತ್ತದೆ. 2022ರ ರಾಷ್ಟ್ರೀಯ ಅವಶ್ಯಕ ಔಷಧಿಗಳ ಪಟ್ಟಿಯಲ್ಲಿ ನಿಕೋಟಿನ್ ಬದಲಿ ಚಿಕಿತ್ಸೆಗೂ ಸ್ಥಾನ ಸಿಕ್ಕಿದೆ. ಆದರೆ ಬಿಡಿ ಬೀಡಿ ಕೊಳ್ಳುವವನು ಕಟ್ಟಿನ ಮೇಲಿನ ಸಂಖ್ಯೆಯನ್ನು ಕಾಣುವುದೆಂತು? ಅಕ್ಷರ ಬಾರದವನಿಗೆ ಅದನ್ನು ಒತ್ತಿಕೊಡುವವರಾರು? ಭಯಕ್ಕೂ ಬಿಡುಗಡೆಗೂ ನಡುವಿನ ಈ ಹಾದಿಯಲ್ಲಿ ಒಬ್ಬ ಮನುಷ್ಯ ಬೇಕು. ಅವನನ್ನು ಕಿರುಚಿತ್ರ ಒದಗಿಸಲಾರದು, ಸಮಾಜ ಒದಗಿಸಬಲ್ಲದು.

ಇಲ್ಲಿ ಧಾರ್ಮಿಕ ಸಂಸ್ಥೆಗಳ ವ್ಯಸನಮುಕ್ತಿ ಕಾರ್ಯಕ್ರಮಗಳೂ ವಿಮರ್ಶೆಯಿಂದ ಹೊರತಾಗಲಾರವು. ಒಂದು ಸಂಜೆಯ ಪ್ರವಚನ, ಸಾಮೂಹಿಕ ಪ್ರತಿಜ್ಞೆ, ಭಾವಚಿತ್ರ, ಪತ್ರಿಕಾ ವರದಿ—ಇಷ್ಟಕ್ಕೆ ಮುಗಿಯುವ ಕಾರ್ಯಕ್ರಮವು ಕಿರುಚಿತ್ರದ ದೋಷವನ್ನೇ ಪುನರಾವರ್ತಿಸುತ್ತದೆ. ನಾಲ್ಕನೆಯ ದಿನ ಸೋತವನು ಪ್ರತಿಜ್ಞೆ ಮುರಿದ ನಾಚಿಕೆಯಿಂದ ಬಸದಿಯ ದಾರಿಯನ್ನೇ ಬಿಟ್ಟಾನು. ಮದ್ಯದ ವಿಷಯದಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆ ಅನುಸರಿಸಿದ ಕ್ರಮ ಇಲ್ಲಿ ಗಮನಾರ್ಹ. ಅಲ್ಲಿ ಮದ್ಯವರ್ಜನ ಶಿಬಿರ ಮುಗಿದ ಮೇಲೆ, ಕುಡಿತ ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಕೂಡಿಸಿ ಪರಸ್ಪರ ಆಸರೆಯಾಗಿಸುವ ವ್ಯವಸ್ಥೆಯಿದೆ. ಶಿಬಿರಕ್ಕಿಂತ ಶಿಬಿರದ ಮರುದಿನ ಮುಖ್ಯವೆಂಬ ಅರಿವು ಅದರ ಹಿಂದಿದೆ. ತಂಬಾಕಿಗೂ ಇದು ಸಲ್ಲುತ್ತದೆ.

ಟ್ರಸ್ಟುಗಳು ಮಾಡಬಹುದಾದದ್ದು ದೊಡ್ಡ ವೆಚ್ಚದ ಕೆಲಸವಲ್ಲ. ಬಸದಿಯ ಜೀರ್ಣೋದ್ಧಾರಕ್ಕೆ ಬಂದ ಕೂಲಿಯವರಿಗೆ ಹೊತ್ತಿಗೆ ಸರಿಯಾಗಿ ಊಟವನ್ನೂ ಕುಳಿತುಕೊಳ್ಳಲು ನೆರಳನ್ನೂ ಬಿಡುವನ್ನೂ ಕೊಟ್ಟರೆ ಬೀಡಿಯ ಒಂದು ನೆವ ತಪ್ಪುತ್ತದೆ. ಬಿಡಬೇಕೆಂದವನ ಬಳಿ ಕುಳಿತು ಸಹಾಯವಾಣಿಗೆ ಕರೆ ಮಾಡಿಕೊಟ್ಟು, ಒಂದು ತಿಂಗಳು ವಾರಕ್ಕೊಮ್ಮೆ ವಿಚಾರಿಸಲು ಇಬ್ಬರು ತರುಣರು ಸಾಕು. ಜಾರಿದಾಗ ಮತ್ತೆ ಆರಂಭಿಸಲು ಅವಕಾಶವಿರಬೇಕು. ಇವೆಲ್ಲಕ್ಕೂ ಮೊದಲು ಸ್ವಂತ ಮನೆಯ ಲೆಕ್ಕವನ್ನು ನೋಡಿಕೊಳ್ಳಬೇಕು. ವಿಷ, ಶಸ್ತ್ರ ಮೊದಲಾದ ಹಿಂಸೆಯ ಸಾಧನಗಳನ್ನು ಇತರರಿಗೆ ಒದಗಿಸುವ ಹಿಂಸಾದಾನವನ್ನು ಆಚಾರ್ಯರು ಅನರ್ಥದಂಡವೆಂದು ಕರೆದಿದ್ದಾರೆ. ಟ್ರಸ್ಟಿನ ಮಳಿಗೆಯಲ್ಲಿ ಗುಟ್ಕಾ, ಬೀಡಿಗಳ ಮಾರಾಟ ನಡೆದು ಅದರ ಬಾಡಿಗೆ ಪೂಜೆಯ ಖರ್ಚಿಗೆ ಸಲ್ಲುತ್ತಿದ್ದರೆ, ಬಾಗಿಲಲ್ಲಿ ತೂಗುಹಾಕಿದ ವ್ಯಸನಮುಕ್ತಿ ಫಲಕಕ್ಕೆ ಏನು ಬೆಲೆ?

ಮುಕೇಶ್, ಸುನೀತಾ ಇಬ್ಬರೂ ತಮ್ಮ ನೋವನ್ನು ಲೋಕದ ಎದುರು ಇಟ್ಟು ಹೋದರು. ಅವರು ಕೊಟ್ಟದ್ದು ಎಚ್ಚರಿಕೆ. ಎಚ್ಚರಗೊಂಡು ತಿರುಗಿ ನೋಡಿದವನಿಗೆ ಹಿಡಿಯಲು ಒಂದು ಕೈ ಕಾಣಬೇಕು. ಆ ಕೈಯನ್ನು ನೀಡುವುದು ಶ್ರಾವಕರ ಪಾಲಿನ ಕೆಲಸ; ಅದು ಆಗದಿದ್ದರೆ ಬಡವನಿಗೆ ತೋರಿಸಿದ ಆ ಚಿತ್ರಗಳೆಲ್ಲ ಭಯವಾಗಿಯೇ ಉಳಿಯುತ್ತವೆ, ದಯೆಯಾಗುವುದಿಲ್ಲ.